ಓಗೊಡದ ಗುಡ್ಡ

ಕಡಲ ಬದಿಯ ಹೆದ್ದಾರಿಯನ್ನು ಬಿಟ್ಟು ಅಳಿವೆಕೊಪ್ಪದ ಸೇತುವೆಯ ಹತ್ತಿರ ಮೂಡಲಿಗೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಅಲೆಯ ಸದ್ದು ಅಡಗುತ್ತದೆ. ಅಲ್ಲಿಂದ ಮುಂದೆ ಗೇರುಗುಡ್ಡಗಳ ನಡುವೆ ಏರುತ್ತ ಹೋಗುವ ದಾರಿ ಬಹಳ ಇಕ್ಕಟ್ಟು. ಬಸ್ಸು ಬರುವುದಿಲ್ಲ, ಕಾರು ಬಂದರೆ ತಿರುಗಿಸಲು ಜಾಗವಿಲ್ಲ. ಮೊಪೆಡ್ ಒಂದೇ ಅದಕ್ಕೆ ತಕ್ಕ ವಾಹನ. ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದ ನಾನು ಔಷಧದ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಈ ದಾರಿಯಲ್ಲಿ ಮೊಪೆಡ್ಡನ್ನು ಓಡಿಸಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಈಗ ಸಮುದ್ರ ನೋಡಿ ಬೇಸರ ಬಂದ ಪ್ರವಾಸಿಗರು ತೀರದಲ್ಲಿ ಬಾಡಿಗೆಗೆ ಸಿಗುವ ಮೊಪೆಡ್ ಹತ್ತಿ ಇತ್ತ ಬರುತ್ತಾರೆ. ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ, ಅಂಗಳದಲ್ಲಿ ಒಣಗಲು ಹರವಿದ ಮುರುಗಲ ಹಣ್ಣಿನ ಸಿಪ್ಪೆ, ಜನ ಕಡಿಮೆ, ಮಾತು ಇನ್ನೂ ಕಡಿಮೆ. ಆಹಾ, ಎಷ್ಟು ಶಾಂತವಾದ ಊರುಗಳು ಎಂದು ಮೆಚ್ಚಿಕೊಂಡು ಹೋಗುತ್ತಾರೆ. ಮೆಚ್ಚಲಿ, ನನ್ನದೇನೂ ಅಡ್ಡಿಯಿಲ್ಲ.

ಅಂಥ ಊರುಗಳಲ್ಲಿ ಕೊನೆಯದು ಮೇಲ್ಗೋಡು. ಅದರ ನೆತ್ತಿಯ ಮೇಲೆ ಕಣಿವೆಯತ್ತ ಮುಖಮಾಡಿ ನಿಂತಿರುವ ಬೋಳು ಬಂಡೆಯೇ ಓಗೊಡದ ಗುಡ್ಡ. ಯಾರೋ ಪುಣ್ಯಾತ್ಮರು ಅಲ್ಲೊಂದು ಹಲಗೆ ನೆಟ್ಟು, ಇಲ್ಲಿ ಕೂಗಿದರೆ ಪ್ರತಿಧ್ವನಿ ಬರುವುದಿಲ್ಲವಾದ್ದರಿಂದ ಈ ಹೆಸರು ಎಂದು ಬರೆಸಿದ್ದಾರೆ. ಬರೆಸಿದವರು ಒಂದು ಸಲವಾದರೂ ಅಲ್ಲಿ ನಿಂತು ಕೂಗಿದ್ದರೆ ಸಾಕಿತ್ತು. ಒಮ್ಮೆ ಕೂಗಿದರೆ ಎದುರಿನ ಗುಡ್ಡ ಎರಡು ಸಲ ತಿರುಗಿ ಹೇಳುತ್ತದೆ. ಗುಡ್ಡಕ್ಕೆ ಹೆಸರು ಬಂದದ್ದು ಗುಡ್ಡದಿಂದಲ್ಲ, ಅದರ ಮೇಲೆ ಕುಳಿತಿದ್ದ ಒಬ್ಬ ಹೆಂಗಸಿನಿಂದ. ಅವಳ ಹೆಸರು ಹೊನ್ನು. ಅವಳಿಗಾದ ಮೋಸವನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದ್ದರಿಂದ ತಣ್ಣಗೆ ಹೇಳುತ್ತೇನೆಂದು ಯಾರೂ ನಿರೀಕ್ಷಿಸಬೇಡಿ.

ಹಿಂದೆ ಒಮ್ಮೆ ಈ ಸೀಮೆಯನ್ನು ಒಬ್ಬ ನಾಯಕ ಆಳುತ್ತಿದ್ದನಂತೆ. ಅವನ ಹೆಸರನ್ನು ಜನ ಮರೆತಿದ್ದಾರೆ, ಒಳ್ಳೆಯದೇ ಆಯಿತು. ಗುಡ್ಡದ ಮೇಲಿನವರು ತನ್ನ ಉಗ್ರಾಣದ ಉಪ್ಪನ್ನೇ ಉಣ್ಣಬೇಕು, ಅದಕ್ಕಾಗಿ ಬೆಳೆದ ಭತ್ತದ ಅರ್ಧವನ್ನು ತಂದು ಸುರಿಯಬೇಕು, ಕಡಲ ಕಡೆಯಿಂದ ಉಪ್ಪು ಹೊತ್ತು ತಂದವನ ತಲೆ ಉಳಿಯದು ಎಂದು ಅವನು ಡಂಗುರ ಹೊಡೆಸಿದ. ಆದರೂ ಉಪ್ಪು ಬರುತ್ತಿತ್ತು. ಅಳಿವೆಕೊಪ್ಪದ ಗಂಡಸರು ಬೆಳಗಿನ ಮಂಜಿನಲ್ಲಿ ಕಾಡುದಾರಿ ಹಿಡಿದು ಉಪ್ಪಿನ ಮೂಟೆ ಹೊತ್ತು ಏರುತ್ತಿದ್ದರು. ಕಾವಲಿನವರ ಕಣ್ಣು ತಪ್ಪಿಸಲು ಎರಡು ಊರುಗಳ ನಡುವೆ ಒಂದು ಕಟ್ಟಳೆ ಇತ್ತು. ಮೂಟೆ ಹೊತ್ತವನು ಬಂಡೆಯ ಕೆಳಗಿನ ಹಳ್ಳದಲ್ಲಿ ನಿಂತು ಕೂ ಎಂದು ಕೂಗಬೇಕು. ದಾರಿ ನಿರಾತಂಕವಾಗಿದ್ದರೆ ಮೇಲಿನಿಂದ ಓ ಎಂದು ಓಗೊಡಬೇಕು. ಓ ಕೇಳಿಸದಿದ್ದರೆ ಅವನು ಬಂದ ದಾರಿಯಲ್ಲೇ ಹಿಂದಿರುಗಬೇಕು. ಆದರೆ ಯಾರೋ ಒಬ್ಬರು ಓ ಎಂದರೆ ಸಾಲದು. ಬೇರೆಯವರ ಬಾಯನ್ನು ಹೆದರಿಸಿಯೋ ಪುಸಲಾಯಿಸಿಯೋ ತೆರೆಸಬಹುದು. ಆದ್ದರಿಂದ ಒಡಹುಟ್ಟಿದವರೇ ಓಗೊಡಬೇಕು, ಆ ದನಿಯನ್ನು ಮಾತ್ರ ನಂಬಬೇಕು. ಇದಕ್ಕೆಂದೇ ಅಳಿವೆಕೊಪ್ಪದ ಹೆಣ್ಣುಗಳನ್ನು ಮೇಲ್ಗೋಡಿಗೆ ಕೊಟ್ಟು ಮದುವೆ ಮಾಡುತ್ತಿದ್ದರು ಎನ್ನುತ್ತಾರೆ.

ಹಾಗೆ ಬಂದವಳು ಹೊನ್ನು. ಮೇಲ್ಗೋಡಿನ ಹಿರಿಯ ಮಂಕಾಳ ಗೌಡನ ಕಿರಿಸೊಸೆ. ಕೆಳಗಿನಿಂದ ಉಪ್ಪು ತರುತ್ತಿದ್ದವನು ಅವಳ ಅಣ್ಣ ಬೀರ. ತಂದೆಯಿಲ್ಲದ ಮನೆಯಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದವನು ಅವನೇ. ಮೇಲ್ಗೋಡಿನ ಎಲ್ಲ ಮನೆಗಳ ಗಂಜಿಗೂ ಅವನು ತಂದ ಉಪ್ಪೇ ಬೀಳುತ್ತಿತ್ತು. ಅವನು ಬಂದ ದಿನ ಊರಿನವರು ಅವನನ್ನು ನಮ್ಮ ಬೀರ ಎಂದು ಕರೆದು, ನೀ ಮುಂದೆ ನಾ ಮುಂದೆ ಎಂದು ಮಣೆ ಹಾಕುತ್ತಿದ್ದರು. ನಾಯಕನಿಗೆ ಇದು ಹೇಗೋ ತಿಳಿಯಿತು. ಅವನು ಊರಿನ ಮೇಲೆ ಬೀಳಲಿಲ್ಲ. ಮಳೆಗಾಲ ಕಾಲಿಡುವ ಹೊತ್ತಿಗೆ ಸರಿಯಾಗಿ ಆಳುಗಳನ್ನು ಕಳಿಸಿ ಊರಿನ ಉಳುವ ಎತ್ತುಗಳನ್ನೆಲ್ಲ ಹೊಡೆದುಕೊಂಡು ಹೋದ. ಉಪ್ಪಿನವನನ್ನು ಹಿಡಿದುಕೊಟ್ಟರೆ ಎತ್ತು ಮರಳಿ ಬರುತ್ತವೆ, ಇಲ್ಲದಿದ್ದರೆ ಗದ್ದೆ ಬೀಳು ಬೀಳಲಿ ಎಂದು ಹೇಳಿ ಕಳಿಸಿದ. ಊರಿನ ಗಂಡಸರು ಮಂಕಾಳ ಗೌಡನ ಜಗಲಿಯಲ್ಲಿ ಸೇರಿದರು. ಬೀರನಿಗೆ ಸುದ್ದಿ ಮುಟ್ಟಿಸೋಣ, ಎತ್ತಿಲ್ಲದಿದ್ದರೆ ನಾವೆಲ್ಲ ಕೂಡಿ ಗುದ್ದಲಿ ಹಿಡಿದು ಗದ್ದೆ ಅಗೆಯೋಣ ಎಂದು ಒಬ್ಬನೂ ಬಾಯಿಬಿಡಲಿಲ್ಲವಂತೆ. ಎಲ್ಲರೂ ನೆಲ ನೋಡುತ್ತ ಕುಳಿತು, ಕಡೆಗೆ ಗೌಡನ ಮುಖ ನೋಡಿದರು.

ಹೊನ್ನುವನ್ನು ಹೆದರಿಸಿದರೆ ಅವಳು ಸತ್ತರೂ ಓ ಎನ್ನುವುದಿಲ್ಲ ಎಂಬುದು ಗೌಡನಿಗೆ ಗೊತ್ತಿತ್ತು. ಆದ್ದರಿಂದ ಅವನು ಹೆದರಿಸಲಿಲ್ಲ. ಬೀರ ಬರುವ ಬೆಳಗು ಬಾಣಂತಿ ಸೊಸೆಗೆ ತಾನೇ ಬಿಸಿನೀರು ಕಾಸಿಕೊಟ್ಟ, ಹಸುಗೂಸನ್ನು ತನ್ನ ಕಂಬಳಿಯೊಳಗೆ ಬೆಚ್ಚಗೆ ಸುತ್ತಿ ಎತ್ತಿಕೊಂಡು ಅವಳ ಜತೆ ಬಂಡೆಯವರೆಗೂ ನಡೆದುಬಂದ. ಮಂಜು ದಟ್ಟವಾಗಿತ್ತು, ಎದುರಿನ ಮರವೂ ಕಾಣಿಸುತ್ತಿರಲಿಲ್ಲ. ಕೆಳಗಿನ ಹಳ್ಳದಿಂದ ಕೂ ಎಂಬ ಕೂಗು ಬಂತು. ಹೊನ್ನು ಕೂಡಲೇ ಓಗೊಡಲಿಲ್ಲ.

"ಮಾವ, ಕಾವಲಿನವರು ನಿನ್ನೆ ಈ ಬದಿಗೆ ಬಂದಿದ್ದರಂತಲ್ಲ?" ಎಂದು ಕೇಳಿದಳು.

"ಬಂದಿದ್ದರು, ಹೋದರು. ನಾನೇ ಗಡಿಯವರೆಗೆ ಹೋಗಿ ಕಣ್ಣಾರೆ ನೋಡಿ ಬಂದಿದ್ದೇನೆ ಮಗಳೆ. ಪಾಪ, ಅವನು ಹೊರೆ ಹೊತ್ತು ನಿಂತಿದ್ದಾನೆ, ಕಾಯಿಸಬೇಡ" ಎಂದ ಮಂಕಾಳ ಗೌಡ.

ತನ್ನ ಮಗುವನ್ನು ಎದೆಗವಚಿಕೊಂಡು ನಿಂತ ಮುದುಕನ ಮಾತನ್ನು ಅವಳು ಹೇಗೆ ತಾನೇ ಅನುಮಾನಿಸಿಯಾಳು? ಓ ಎಂದಳು. ಬೀರ ತಂಗಿಯ ದನಿ ಗುರುತಿಸಿ ಧೈರ್ಯವಾಗಿ ಏರಿ ಬಂದ. ಬಂಡೆಯ ಸಂದಿನಲ್ಲಿ ಅಡಗಿ ಕುಳಿತಿದ್ದ ನಾಯಕನ ಆಳುಗಳು ಅವನನ್ನು ಮೂಟೆಸಮೇತ ಕೆಡವಿ ಕೈಕಟ್ಟಿದರು. ಹೊನ್ನು ಓಡಿ ಹೋಗಿ ಅವನ ಕಾಲು ಹಿಡಿದಳು, ಆದರೆ ನಾಲಿಗೆ ಹೊರಳಲಿಲ್ಲ. ಬೀರ ಅವಳನ್ನು ಬೈಯಲೂ ಇಲ್ಲ. "ನೀನು ಓಗೊಟ್ಟೆ ಅಂತ ಬಂದೆ ತಂಗಿ" ಎಂದಷ್ಟೇ ಹೇಳಿದನಂತೆ. ಅವನನ್ನು ಅಳಿವೆಕೊಪ್ಪದ ಬೀದಿಯಲ್ಲೇ ಎಳೆದುಕೊಂಡು ಹೋದರು. ತನ್ನನ್ನು ಹಿಡಿದದ್ದು ಹೇಗೆಂದು ಕೇಳಿದ ತನ್ನ ತಾಯಿಗೂ ಅವನು ಅದೇ ಮಾತನ್ನು ಹೇಳಿದ. ಆಮೇಲೆ ಅವನನ್ನು ಕಂಡವರಿಲ್ಲ.

ಎತ್ತುಗಳು ಮರಳಿ ಬಂದವು, ಗದ್ದೆಯಲ್ಲಿ ನೇಗಿಲು ಇಳಿಯಿತು. ಹೊನ್ನು ಮಗುವನ್ನು ಕಟ್ಟಿಕೊಂಡು ತೌರಿಗೆ ಓಡಿದಳು. ನಾನು ಮಾರಿದ್ದಲ್ಲ, ನನ್ನ ಮಾವ ಸುಳ್ಳು ಹೇಳಿದ ಎಂದು ಅವ್ವನಿಗೊಬ್ಬಳಿಗೆ ತಿಳಿದರೂ ಸಾಕು ಎಂಬುದೊಂದೇ ಅವಳಿಗಿದ್ದ ಆಸೆ. ತಾಯಿ ಕದ ತೆರೆಯಲಿಲ್ಲ. ಹೊರಗೆ ನಿಂತು ಅವ್ವಾ, ಅವ್ವಾ ಎಂದು ಕರೆದೇ ಕರೆದಳು, ಒಳಗಿನಿಂದ ಒಂದು ಓ ಬರಲಿಲ್ಲ. ನಮ್ಮ ಕಡೆ ಕರೆದವರಿಗೆ ಓಗೊಡದಿದ್ದರೆ ನೀನು ನನ್ನ ಪಾಲಿಗೆ ಸತ್ತೆ ಎಂದೇ ಅರ್ಥ. ಅವಳು ತಿರುಗಿ ಗುಡ್ಡ ಹತ್ತಿ ಮಗುವನ್ನು ಗಂಡನ ಜಗಲಿಯಲ್ಲಿ ಮಲಗಿಸಿ, ಮನೆಯ ಹೊಸಿಲು ದಾಟದೆ ಬಂಡೆಯ ಮೇಲೆ ಹೋಗಿ ಕುಳಿತಳು. ಗೆಡ್ಡೆಗೆಣಸು ತಿಂದು ಅಲ್ಲೇ ಬದುಕಿದಳು, ಉಪ್ಪನ್ನು ಮಾತ್ರ ಮುಟ್ಟಲಿಲ್ಲ. ಗಂಡ ಬಂದು ಕರೆದ, ನೆರೆಯವರು ಕರೆದರು. ಮಗ ನಡೆಯುವಷ್ಟು ದೊಡ್ಡವನಾಗಿ, ಅವನೂ ಬಂದು ಕರೆದ. ಅವಳು ಯಾರಿಗೂ ಓಗೊಡಲಿಲ್ಲ.

ಮಂಕಾಳ ಗೌಡನಿಗೆ ಕೊನೆಗಾಲ ಬಂದಾಗ ಜೀವ ಹೋಗದೆ ಎಳೆದಾಡಿತು ಎನ್ನುತ್ತಾರೆ. ಅವನ ಹಟದಿಂದಾಗಿ ಮಕ್ಕಳು ಅವನನ್ನು ಕಂಬಳಿಯ ಡೋಲಿಯಲ್ಲಿ ಬಂಡೆಯ ಬುಡಕ್ಕೆ ಹೊತ್ತು ತಂದರು. "ಹೊನ್ನೂ, ತಪ್ಪಾಯಿತು ಮಗಳೆ, ಒಂದು ಸಲ ಓ ಅನ್ನು, ನಾನು ಹೋಗುತ್ತೇನೆ" ಎಂದು ಮುದುಕ ಕೂಗಿದ. ಕೆಳಗಿಳಿದು ಅಳಿವೆಕೊಪ್ಪದವರ ಮುಂದೆ ಈ ಮಾತು ಹೇಳುತ್ತೇನೆ ಎಂದು ಮಾತ್ರ ಅವನು ಅನ್ನಲಿಲ್ಲ, ಗಮನಿಸಿ. ಸಾಯುವಾಗಲೂ ತನ್ನ ಮನೆಯ ಮಾನ ಕಾಯ್ದುಕೊಂಡೇ ಕ್ಷಮೆ ಕೇಳಿದ. ಹೊನ್ನು ಕಣಿವೆಯತ್ತ ನೋಡುತ್ತಲೇ ಕುಳಿತಿದ್ದಳು. ಅವನು ಕರೆಯುತ್ತ ಕರೆಯುತ್ತ ಅಲ್ಲಿಯೇ ಸತ್ತ. ಆ ದಿನದಿಂದ ಅದಕ್ಕೆ ಓಗೊಡದ ಗುಡ್ಡ ಎಂದು ಹೆಸರಾಯಿತು.

ಇದನ್ನೆಲ್ಲ ನನಗೆ ಹೇಳಿದವರು ಆ ಗೌಡನ ಮನೆಯವರೇ ಆದ ತುಳಸಜ್ಜಿ. ಅವರ ಹಸುವಿಗೆ ಕೆಚ್ಚಲುಬಾವು ಬಂದು ನಾನು ಮದ್ದು ಹಾಕುತ್ತಿದ್ದಾಗ, ಹಸುವಿನ ಕೊರಳು ತುರಿಸುತ್ತ ಹೇಳಿದರು. ಹೇಳಿ ಮುಗಿಸಿ, "ಈ ಮಾತು ಕೆಳಗೆ ಆಡಬೇಡಿ ಮಾರಾಯರೆ, ನಮ್ಮ ಹೆಣ್ಣುಗಳನ್ನು ಅಲ್ಲಿಗೆ ಕೊಟ್ಟಿದ್ದೇವೆ" ಎಂದರು. ನಾನು ಮಾತು ಕೊಡಲಿಲ್ಲ. ಅಳಿವೆಕೊಪ್ಪದ ಚಹಾದಂಗಡಿಯಲ್ಲಿ ಹೇಳಿಯೂ ನೋಡಿದೆ. ಎಲ್ಲರೂ ನಕ್ಕುಬಿಟ್ಟರು. "ಅಣ್ಣನಿಗೆ ತಂಗಿಯ ದನಿ ತಿಳಿಯಲಿಲ್ಲವೇನ್ರೀ? ಓ ಅಂದವಳು ಅವಳೇ ತಾನೆ?" ಎಂದು ಅಂಗಡಿಯ ಮಾಣೇಶ್ವರ ಕೇಳಿದ. ಓ ಅಂದವಳು ಅವಳೇ ಹೌದು.

ಹಲಗೆಯಿಂದ ಸ್ವಲ್ಪ ಕೆಳಗೆ, ದಾರಿಯ ತಿರುವಿನಲ್ಲಿ, ಆಳೆತ್ತರದ ಒಂದು ಕಲ್ಲುಗುಪ್ಪೆ ಇದೆ. ಒಡಹುಟ್ಟಿದವನನ್ನು ಮಾರಿದವಳೆಂದು ಹೊನ್ನುವಿನ ಹೆಸರಿಗೆ ಉಗಿದು ಅಳಿವೆಕೊಪ್ಪದವರು ತಲೆತಲಾಂತರದಿಂದ ಎಸೆದ ಕಲ್ಲುಗಳು ಅವು. ಪ್ರವಾಸಿಗರು ಅದನ್ನು ಹರಕೆಯ ಗುಪ್ಪೆ ಎಂದು ತಿಳಿದು, ಮೊಪೆಡ್ ನಿಲ್ಲಿಸಿ, ತಾವೂ ಚೆಂದದ ಕಲ್ಲೊಂದನ್ನು ಆರಿಸಿ ಇಟ್ಟು ಪಟ ತೆಗೆಸಿಕೊಳ್ಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೇನು ಗೊತ್ತು? ಆದರೆ ಮದುವೆಗೋ ತೊಟ್ಟಿಲಿಗೋ ಮೇಲ್ಗೋಡಿನವರು ಕೆಳಗಿಳಿಯುವ ದಿನ ನೀವು ಅಲ್ಲಿದ್ದರೆ ಇನ್ನೊಂದು ನೋಟ ಕಾಣುತ್ತದೆ. ಗೌಡನ ಮನೆಯ ಹಿರಿಯರು ಕಿರಿಯರು, ಎಲ್ಲ ತಿಳಿದವರು, ಆ ತಿರುವಿನಲ್ಲಿ ನಿಂತು ಒಬ್ಬೊಬ್ಬರೂ ಒಂದೊಂದು ಕಲ್ಲು ಎಸೆದು ಮುಂದೆ ಹೋಗುತ್ತಾರೆ. ತುಳಸಜ್ಜಿಯೂ ಸೆರಗು ಸಿಕ್ಕಿಸಿ ಬಾಗಿ ಕಲ್ಲು ಹೆಕ್ಕಿದ್ದನ್ನು ಕಂಡು ನಾನು ಮೊಪೆಡ್ ನಿಲ್ಲಿಸಿ, ನೀವೂ ಹಾಕುತ್ತೀರಾ ಅಜ್ಜಿ, ಎಂದು ಕೇಳಿಯೇಬಿಟ್ಟೆ.

"ಹಾಕದಿದ್ದರೆ ಯಾಕೆ ಹಾಕಲಿಲ್ಲ ಅಂತ ಕೆಳಗಿನವರು ಕೇಳುತ್ತಾರಲ್ಲ" ಎಂದು ಅಜ್ಜಿ ಕಲ್ಲು ಎಸೆದರು.