ಮುಳ್ಳು ನೋಡಿ ನಿಂತವನು

"ಬುದ್ಧಿ, ಅಣ್ಣ ಹಾಸಿಗೆ ಹಿಡಿದಿದ್ದಾನಂತೆ. ಹೋಗಿ ನೋಡಬೇಕು. ಆದರೆ ಅವನಿಗೆ ನನ್ನ ಮೇಲೆ ಬೆಟ್ಟದಷ್ಟು ಸಿಟ್ಟು. ಸ್ವಲ್ಪ ದಿನ ಬಿಟ್ಟು ಹೋದರೆ ಆಗದೇ?" ಎಂದು ಚನ್ನವೀರ ಗುರುಗಳನ್ನು ಕೇಳಿದ. ಅಣ್ಣನೊಡನೆ ಜಗಳವಾಡಿ ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು.

ಕೂತುಕೋ, ಮಧ್ಯೆ ಬಾಯಿ ಹಾಕಬೇಡ ಎಂದು ಗದರಿ ಗುರುಗಳು ಹೇಳತೊಡಗಿದರು.

ಒಬ್ಬ ಡ್ರೈವರ್ ಇದ್ದ. ಅವನದೊಂದು ಹಳೆಯ ಕಾರು. ಒಮ್ಮೆ ಅದರ ಇಂಜಿನ್ ಕಾದು ಕುದಿಯಿತು. ಈ ಪುಣ್ಯಾತ್ಮ ಅವಸರದಲ್ಲಿ ರೇಡಿಯೇಟರ್ ಮುಚ್ಚಳ ತೆಗೆದ. ಬಿಸಿನೀರು ಚಿಮ್ಮಿ ಕೈ ಸುಟ್ಟಿತು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಹೆದರಿಕೆ. ಅಂದಿನಿಂದ ಇಂಜಿನ್ ಮುಟ್ಟುವುದನ್ನೇ ಬಿಟ್ಟ. ಬಿಸಿ ತೋರಿಸುವ ಮೀಟರಿನ ಮುಳ್ಳು ಹೇಳಿದ್ದೇ ಅವನಿಗೆ ವೇದವಾಯಿತು.

ಒಂದು ಮಧ್ಯಾಹ್ನ ಅವನ ಹೆಂಡತಿಗೆ ಹೆರಿಗೆ ನೋವು ಬಂತು. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟ. ಹದಿನೆಂಟು ಮೈಲಿ ದಾರಿ. ಮೂರು ಮೈಲಿ ಹೋಗುವಷ್ಟರಲ್ಲಿ ಮುಳ್ಳು ಕೆಂಪು ಗೆರೆಗೆ ಏರಿತು. ಅವನ ಜೀವ ಬಾಯಿಗೆ ಬಂತು. ನಡುದಾರಿಯಲ್ಲಿ ಇಂಜಿನ್ ಕೆಟ್ಟರೆ ಇವಳ ಗತಿಯೇನು ಎಂದು ಕಾರು ನಿಲ್ಲಿಸಿದ. ಅದು ಆರಲಿ ಎಂದು ಅರ್ಧ ಗಂಟೆ ಕಾದ. ಮತ್ತೆ ಕೀಲಿ ತಿರುಗಿಸಿದ. ತಿರುಗಿಸಿದ ಕೂಡಲೇ ಮುಳ್ಳು ಕೆಂಪಿಗೆ ಹಾರಿತು. ಅರ್ಧ ಗಂಟೆ ನಿಂತ ಇಂಜಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಗೆ ಕಾದೀತು? ಆ ಯೋಚನೆ ಅವನಿಗೆ ಬರಲಿಲ್ಲ. ಹೆದರಿದವನ ತಲೆ ಓಡುವುದಿಲ್ಲ. ಇನ್ನೂ ಅರ್ಧ ಗಂಟೆ ಕಾದ. ಹಿಂದೆ ಅವಳು ನರಳುತ್ತಿದ್ದಳು. ಇವನು ಬೆವರುತ್ತಿದ್ದ.

"ರೀ, ಕಾರು ಹಾಳಾದರೆ ಹಾಳಾಗಲಿ. ಮತ್ತೆ ನಿಲ್ಲಿಸಬೇಡಿ" ಎಂದಳು ಹೆಂಡತಿ.

ಹ್ಞೂಂ ಎಂದ. ಎರಡು ಮೈಲಿ ಹೋಗಿ ಮತ್ತೆ ನಿಲ್ಲಿಸಿದ.

ಆಸ್ಪತ್ರೆ ಮುಟ್ಟಿದಾಗ ಸಂಜೆಯಾಗಿತ್ತು. ಹೆಂಡತಿ ಉಳಿದಳು, ಮಗು ಉಳಿಯಲಿಲ್ಲ. ಒಂದು ಗಂಟೆ ಮೊದಲು ಬಂದಿದ್ದರೆ ಎಂದು ಡಾಕ್ಟರಮ್ಮ ಅಷ್ಟಕ್ಕೇ ನಿಲ್ಲಿಸಿದರು.

ಮುಂದಿನ ವಾರ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ. ನೀರು ತುಂಬಿತ್ತು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಮೀಟರಿಗೆ ಹೋಗುವ ವೈರಿನ ಸಿಪ್ಪೆ ಸವೆದು, ಒಳಗಿನ ತಂತಿ ಕಬ್ಬಿಣಕ್ಕೆ ತಾಗುತ್ತಿತ್ತು. ಹಾಗೆ ತಾಗಿದಾಗೆಲ್ಲ ಮುಳ್ಳು ಕೆಂಪಿಗೆ ಹೋಗಿ ಕೂರುತ್ತಿತ್ತು.

"ಯಜಮಾನರೇ, ಅಷ್ಟು ಹೊತ್ತು ನಿಂತಿರಲ್ಲ, ಒಂದು ಸಲ ಇಂಜಿನ್ ಹತ್ತಿರ ಕೈ ಹಿಡಿದು ನೋಡಲಿಲ್ಲವೇ?" ಎಂದು ಮೆಕ್ಯಾನಿಕ್ ಕೇಳಿದ. ಡ್ರೈವರ್ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತ.

ಕತೆ ಕೇಳಿದ ಚನ್ನವೀರ ತಲೆ ತಗ್ಗಿಸಿದ. ಆದರೂ ಬುದ್ಧಿ, ಹೊರಡುವ ದಿನ ಅಣ್ಣ ನನ್ನನ್ನು ಬೈದದ್ದು ಸುಳ್ಳಲ್ಲ ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: "ಆರು ವರ್ಷದ ಹಿಂದೆ ಬೈದದ್ದು ನಿಜವೇ ಇರಲಿ, ಇವತ್ತಿಗೂ ಅವನಿಗೆ ಸಿಟ್ಟಿದೆ ಎಂದು ನಿನಗೆ ಹೇಳಿದವರು ಯಾರಪ್ಪಾ?"