ಹೊಗೆ ಕಾಣದ ಗುಡ್ಡ

ಏಷ್ಯಾ ಮೈನರಿನ ಎತ್ತರದ ಸೀಮೆಯಲ್ಲಿ, ಗೋಧಿ ಹೊಲಗಳ ನಡುವೆ ಒಂದು ಬೋಳು ಗುಡ್ಡವಿದೆ. ಹತ್ತಲು ಅರ್ಧ ಗಂಟೆ ಸಾಕು. ನೆತ್ತಿಯ ಮೇಲೆ ಗುಡಿಯಿಲ್ಲ, ಗೋರಿಯಿಲ್ಲ. ಕುರುಚಲು ಮುಳ್ಳು, ಕುಸಿದ ಕಾವಲುಕಟ್ಟೆ, ಬೇಕಾದಷ್ಟು ಗಾಳಿ, ಅಷ್ಟೆ. ಇದಕ್ಕೆ ‘ಹೊಗೆ ಕಾಣದ ಗುಡ್ಡ’ ಎಂಬ ಹೆಸರು ಹೇಗೆ ಬಂತೆಂದು ಕೇಳಿದರೆ ಅಲ್ಲಿನ ಹಿರಿಯರು ಬುಡದ ಹಳ್ಳಿಯ ಕಡೆ ಕೈ ತೋರಿಸುತ್ತಾರೆ.

ಹಿಂದೆ ಒಮ್ಮೆ, ಕ್ರಿಸ್ತನ ಹೆಸರು ಹೇಳುವುದೇ ಅಪರಾಧವಾಗಿದ್ದ ರೋಮಿನ ಚಕ್ರವರ್ತಿಗಳ ಕಾಲದಲ್ಲಿ, ಆ ಹಳ್ಳಿಯಲ್ಲಿ ನೋನ್ನಾ ಎಂಬ ವಿಧವೆಯಿದ್ದಳು. ಅವಳೂ ಇನ್ನು ನಾಲ್ಕು ಹೆಂಗಸರೂ ಗುಟ್ಟಾಗಿ ಆ ಮತ ಹಿಡಿದಿದ್ದರು. ಶುಕ್ರವಾರ ಹೊತ್ತು ಇಳಿಯುವವರೆಗೆ ಒಲೆ ಹಚ್ಚದೆ ಉಪವಾಸವಿರುತ್ತಿದ್ದರು. ಈ ಸುಳಿವು ಹೇಗೋ ದಂಡಿನ ಅಧಿಕಾರಿಯ ಕಿವಿಗೆ ಬಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಅವನು ತನ್ನವರೊಡನೆ ಗುಡ್ಡ ಹತ್ತಿ ಕೂತ. ಯಾವ ಸೂರಿನಿಂದ ಹೊಗೆ ಏಳುವುದಿಲ್ಲವೋ ಆ ಮನೆಯವರನ್ನು ಎಳೆದೊಯ್ದು ಸಿಂಹದ ಬಾಯಿಗೆ ಕೊಡುವುದು, ಇಷ್ಟೇ ಅವನ ಉಪಾಯ.

ಪಕ್ಕದ ಮನೆಯ ಅಮ್ಮಿಯಾ ಹಳೆಯ ದೇವತೆಗಳ ಒಕ್ಕಲು, ಬಾಯಿ ಜೋರು. ಕೋಳಿಯ ನೆಪದಲ್ಲಿ ನೋನ್ನಳೊಡನೆ ದಿನಾ ಜಗಳ. ಅಂದು ಗೋಡೆಯಾಚೆಯಿಂದ ಕೂಗಿದಳು: “ಮೇಲೆ ದಂಡಿನೋರು ಕೂತವ್ರೆ ಕಣಕ್ಕ! ತಿನ್ನದಿದ್ರೆ ಬಿಡು, ಒಂದು ಹಿಡಿ ಹುಲ್ಲಿಗಾದ್ರೂ ಬೆಂಕಿ ಹಾಕು.” ಸಾಯಲು ನೋನ್ನಳಿಗೆ ಸುತರಾಂ ಇಷ್ಟವಿರಲಿಲ್ಲ. ಆದರೂ, “ಹೆದರಿ ಹಚ್ಚಿದ ಬೆಂಕಿ ಚಕ್ರವರ್ತಿ ಮೂರ್ತಿಗೆ ಹಾಕಿದ ಧೂಪಾನೇ ಅಮ್ಮಿಯಾ. ನನ್ನಿಂದಾಗಲ್ಲ” ಎಂದಳು. “ನಿನ್ನ ಹಟಕ್ಕಿಷ್ಟು ಬೆಂಕಿ ಬೀಳ!” ಎನ್ನುತ್ತಾ ಅಮ್ಮಿಯಾ ಒಳಗೆ ಹೋದಳು. ಮರುಗಳಿಗೆ ಚುಂಯ್ ಎಂಬ ಸದ್ದು. ಅಜ್ಜಿಯ ಕಾಲದಿಂದ ಆರದ, ಆರಿದರೆ ಮನೆಗೆ ಕೇಡೆಂದು ಕಾಯ್ದುಕೊಂಡು ಬಂದ ಒಲೆದೇವತೆಯ ಬೆಂಕಿಗೆ ಅವಳು ಒಂದು ಕೊಡ ನೀರು ಸುರಿದಿದ್ದಳು. ಆಮೇಲೆ ಗೋಡೆಯಿಂದ ಗೋಡೆಗೆ ಮಾತು ದಾಟಿ ಆಚೆಮನೆ, ಅದರಾಚೆಯದು. ನೋನ್ನಾ ನೋಡನೋಡುತ್ತಿದ್ದಂತೆ ಊರಿನ ನಲವತ್ತು ಸೂರುಗಳ ಹೊಗೆಯೂ ನಿಂತಿತು.

ಅಧಿಕಾರಿ ಕೆಂಡಾಮಂಡಲವಾಗಿ ಕೆಳಗಿಳಿದು ಬಂದ. ಅಮ್ಮಿಯಾ ಕೆಸರು ಮೆತ್ತಿದ ಕೈ ತೋರಿಸಿ, “ಇವತ್ತು ಒಲೆ ಮೆತ್ತೋ ದಿನ ಸ್ವಾಮಿ. ಹಸಿಮಣ್ಣಲ್ಲಿ ಬೆಂಕಿ ಹಚ್ಚಕ್ಕಾಯ್ತದಾ? ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?” ಎಂದಳು. ಊರಿಗೆ ಊರನ್ನೇ ಹಿಡಿದರೆ ದಂಡಿಗೆ ಗೋಧಿ ಬೆಳೆಯುವವರು ಯಾರು? ಅವನು ಕುದುರೆ ಹತ್ತಿದ. ಧೂಳು ಮರೆಯಾದ ಮೇಲೆ ನೋನ್ನಾ ಅಂಗಳದಲ್ಲಿ ಕುಸಿದು ಕೂತು ನಕ್ಕಳು, ಅತ್ತಳು. ಹೋದ ಜೀವ ಬಂದಂತಾಗಿತ್ತು. ಹೊತ್ತಿಳಿದಾಗ ಚಕಮಕಿ ಕುಟ್ಟಿ ಒಲೆ ಹಚ್ಚಿದಳು. ಅಮ್ಮಿಯಾ ಮುಖ ಗಂಟುಹಾಕಿಕೊಂಡೇ ಕೆಂಡಕ್ಕೆಂದು ಬಾಗಿಲಿಗೆ ಬಂದಳು.

ಇಂದಿಗೂ ಶುಕ್ರವಾರ ಮಧ್ಯಾಹ್ನ ಗುಡ್ಡ ಹತ್ತಿದವರಿಗೆ ಕೆಳಗಿನ ಊರಲ್ಲಿ ಒಂದೆಳೆ ಹೊಗೆಯೂ ಕಾಣುವುದಿಲ್ಲ. ನೋನ್ನಳ ಮತದವರು ಅಲ್ಲೀಗ ಒಬ್ಬರೂ ಉಳಿದಿಲ್ಲ ಎನ್ನುತ್ತಾರೆ. ಹಾಗಾದರೆ ಇದು ಯಾರ ವ್ರತವೆಂದು ಹೆಂಗಸರನ್ನು ಕೇಳಿದರೆ, “ಪಕ್ಕದ ಮನೆಯವರದು” ಎಂದು ಹೇಳಿ ತಮ್ಮ ಕೆಲಸಕ್ಕೆ ಹೋಗುತ್ತಾರೆ.