ಯಾರೂ ಮುಟ್ಟದ ಸರ್ವರ್

ಸಿಮೆಂಟ್ ಕಾರ್ಖಾನೆಗೆ ಜರ್ಮನಿಯ ಹೊಸ ಸರ್ವರ್ ಬಂತು. ಇನ್ನು ಕಾರ್ಖಾನೆಯ ದಾಖಲೆಗಳೆಲ್ಲ ಅದರ ಹೊಟ್ಟೆಯಲ್ಲೇ ಇರಬೇಕು. ಅದು ಕೆಟ್ಟರೆ, ಸರಿಯಿದೆಯೆಂದು ಸಹಿ ಹಾಕಿದ ಉಗ್ರಾಣದ ಗುಮಾಸ್ತನ ಕೆಲಸ ಹೋಗುತ್ತದೆ.

ಗುಮಾಸ್ತ ಪೆಟ್ಟಿಗೆ ಬಿಚ್ಚಿಸಿ, ಸರ್ವರಿನ ಸುತ್ತ ಒಂದು ಸುತ್ತು ಬಂದ.

“ನಿಮಗೇನ್ರೀ ತಿಳಿಯುತ್ತೆ ಇದು? ಸೀಲ್ ಹಾಕಿದ್ದು ಜರ್ಮನಿಯಲ್ಲಿ, ಬಿಚ್ಚಿದ್ದು ಇಲ್ಲಿ. ಸಹಿ ಹಾಕಿ,” ಎಂದು ಮಾರಲು ಬಂದ ಮೃತ್ಯುಂಜಯ ಗದರಿದ.

“ನಡುವೆ ಯಾರೂ ಮುಟ್ಟಿಲ್ಲವೇ ಸ್ವಾಮಿ?”

“ನರಪಿಳ್ಳೆಯೂ ಮುಟ್ಟಿಲ್ಲ!”

“ಅಷ್ಟು ಬರೆದುಕೊಡಿ.”

ಮೃತ್ಯುಂಜಯ ಗತ್ತಿನಿಂದ ಒಂದು ಚೀಟಿಯಲ್ಲಿ ಬರೆದುಕೊಟ್ಟ. ಗುಮಾಸ್ತ ಸರ್ವರಿನ ಹಿಂಬದಿ ತೋರಿಸಿದ. ಗಾಳಿಕಿಂಡಿಯ ಸಂದಿಯಲ್ಲಿ ಒಣಗಿದ ಅರಿಶಿನ ಕುಂಕುಮವಿತ್ತು, ಚೆಂಡುಹೂವಿನ ಒಂದು ಎಸಳಿತ್ತು.

“ಜರ್ಮನಿಯಲ್ಲಿ ಆಯುಧಪೂಜೆ ಜೋರಾಗಿಯೇ ಮಾಡ್ತಾರೆ,” ಎಂದ.

ಮೃತ್ಯುಂಜಯ ಮೆಲ್ಲನೆ ಚೀಟಿಗೆ ಕೈಚಾಚಿದ.

“ಚೀಟಿ ಇರಲಿ ಸ್ವಾಮಿ. ನೀವು ಸರ್ವರ್ ತಗೊಂಡು ಹೋಗಿ.”